ಮದುವೆಯ ಕಾರನ್ನು ನಾನು ಮುಟ್ಟಿದ್ದು

ಮಕ್ಕಳೇ, ಮೊನ್ನೆ ನೀವು ಧೂಳು ಹಿಡಿದ ಕಾರನ್ನು ಒಣ ಬಟ್ಟೆಯಿಂದ ಉಜ್ಜುವಾಗ ನಾನು ಗದರಿದೆ. ನಾನು ಗದರುವುದನ್ನು ನೀವು ಕಂಡದ್ದು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಪುವಿನ ಮನೆಯಲ್ಲಿ ನಮಗೊಂದು ಕಪ್ಪು ಅಂಬಾಸಿಡರ್ ಬಾಡಿಗೆ ಕಾರು ಇತ್ತು. ನಿಮ್ಮ ಅಜ್ಜ ಓಡಿಸುತ್ತಿದ್ದರು. ಸಂಜೆ ಹಿತ್ತಲಿನ ನೆರಳಿನಲ್ಲಿ, ಯಾರೂ ಕಾಣದ ಹಾಗೆ, ನಾನು ತೊಳೆಯುತ್ತಿದ್ದೆ. ಅಜ್ಜ ತೀರಿಕೊಂಡ ಮೇಲೆ ಅವರ ಅಣ್ಣ ಓಡಿಸತೊಡಗಿದರು. ಆ ಭಾವನ ಎದುರು ನಾನು ಬಾಗಿಲಿನ ಮರೆಯಿಂದಲೇ ಮಾತನಾಡುತ್ತಿದ್ದವಳು. ಮನೆ ನಡೆಯುತ್ತಿದ್ದುದು ಮದುವೆ ಬಾಡಿಗೆಗಳಿಂದ. ಬಣ್ಣ ಕೆಟ್ಟರೆ ಯಾರು ಕರೆಯುತ್ತಾರೆ?

ಎಲ್ಲೂರಿನ ಒಂದು ಮದುವೆಗೆ ನಮ್ಮ ಕಾರು ಗೊತ್ತಾಗಿತ್ತು. ಅದರ ಹಿಂದಿನ ದಿನ ಬೆಳಿಗ್ಗೆ ಭಾವ ತೆಂಗಿನ ನಾರಿಗೆ ಬೂದಿ ಹಚ್ಚಿಕೊಂಡು ಬಾನೆಟ್ಟನ್ನು ತಿಕ್ಕುತ್ತಿದ್ದರು. ನಮ್ಮಲ್ಲಿ ಉರುಳಿಯಂಥ ಹಿತ್ತಾಳೆ ಪಾತ್ರೆ ಬೆಳಗುವುದು ಹಾಗೆಯೇ. ಕಾರಿನ ಮೇಲೆ ಅಂಗೈಯಗಲ ಬಣ್ಣ ಆಗಲೇ ಮಂಕಾಗಿತ್ತು. ನಾನು ಅಂಗಳಕ್ಕಿಳಿದು ನಾರನ್ನು ಕಿತ್ತುಕೊಂಡೆ.

"ಇದು ಉರುಳಿ ಅಲ್ಲ ಭಾವ."

"ಎಂತ ಮಾಡ್ತಿ? ನಾಳೆ ಮದುಮಗಳು ಕೂರುವ ಕಾರು. ಗಂಡ ಇಲ್ಲದವಳು ನೀನು ಮುಟ್ಟುವುದಾ?"

"ಮುಟ್ಟಿ ಆಯಿತು."

"ಹಿತ್ತಲಿಗಾದರೂ ಕೊಂಡುಹೋಗುವ. ಮಾರ್ಗದಲ್ಲಿ ಜನ ಉಂಟು, ಮಾರಾಯ್ತಿ."

"ಹಿತ್ತಲಲ್ಲಿ ಈಗ ಬಿಸಿಲು ಉಂಟು. ನೊರೆ ಒಣಗಿದರೆ ಕಲೆ ಕೂರ್ತದೆ."

ಮೊದಲು ಕೊಡಗಟ್ಟಲೆ ನೀರು ಹೊಯ್ದು ಕೆಂಪು ಧೂಳನ್ನು ಇಳಿಸಿದೆ. ಧೂಳಿನ ಮೇಲೆ ಉಜ್ಜಿದರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಆಮೇಲೆ ಅಂಟುವಾಳಕಾಯಿಯ ನೊರೆ, ಅಜ್ಜನ ಹಳೆಯ ಪಂಚೆಯ ತುಂಡು. ಮೇಲಿನಿಂದ ಕೆಳಕ್ಕೆ ಬರಬೇಕು. ಚಕ್ರಕ್ಕೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಬಣ್ಣಕ್ಕೆ ತಾಗಿಸಬಾರದು. ಎದುರಿನ ಅಂಗಡಿಯ ಬೆಂಚಿನಲ್ಲಿದ್ದವರು ಚಾ ಆರಿದ ಮೇಲೂ ನನ್ನನ್ನೇ ನೋಡುತ್ತಿದ್ದರು. ಆದರೂ ನಿಧಾನವಾಗಿಯೇ ತೊಳೆದೆ.

ಸಂಜೆಯೊಳಗೆ ಮದುವೆಯ ಮನೆಯವರು ಬೇರೆ ಕಾರು ಗೊತ್ತುಮಾಡಿಕೊಂಡರು.

"ನೋಡಿದಿಯಾ? ಇನ್ನು ಇದನ್ನು ಮಾರುವುದೇ," ಎಂದರು ಭಾವ.

"ಮಾರುವುದಿಲ್ಲ. ಹತ್ತದವರು ಬಸ್ಸಿನಲ್ಲಿ ಹೋಗಲಿ."

ಮರುದಿನ ಕಾರು ಎಲ್ಲಿಗೂ ಹೋಗಲಿಲ್ಲ. ಆದರೂ ಅದೇ ಅಂಗಳದಲ್ಲಿ ತೊಳೆದೆ. ಅದರ ಮರುದಿನವೂ ತೊಳೆದೆ. ಭಾವ ಜಗಲಿಯಲ್ಲಿ ಕುಳಿತು ಕೆಮ್ಮುತ್ತಿದ್ದರು.

ವಾರ ಕಳೆದಿರಬೇಕು. ಉದ್ಯಾವರದ ಬ್ಯಾರಿ ಮುಸ್ಲಿಂ ತಾಯಿಯೊಬ್ಬರು ಬಂದರು. ಗಲ್ಫಿನಿಂದ ಬರುವ ಮಗನನ್ನು ಕರೆತರಬೇಕಿತ್ತು. ಆಮೇಲೆ ಅವನ ಮದುವೆಗೂ ಕಾರು ಬೇಕಿತ್ತು. ನಾನು ಬಾಗಿಲಿನ ಮರೆಗೆ ಹೋಗಲಿಲ್ಲ.

"ಈ ಕಾರು ತೊಳೆಯುವುದು ನಾನು. ನನಗೆ ಗಂಡ ಇಲ್ಲ. ಮೊದಲೇ ಹೇಳಿದ್ದೇನೆ."

ಅವರು ಬಾನೆಟ್ಟಿನಲ್ಲಿ ತಮ್ಮ ಮುಖ ನೋಡಿ ತಲೆಯ ಬಟ್ಟೆ ಸರಿಮಾಡಿಕೊಂಡರು.

"ನನಗೂ ಇಲ್ಲ ಅಕ್ಕಾ. ಹಾಗೆಂದು ಮಗನ ಮದುವೆಗೆ ನಾನು ಹೋಗದೆ ಇರ್ತೇನಾ?"