ಅವ್ವನನ್ನು ಕಾಯುವ ಮುಯ್ಯಿ

ಅವ್ವನಿಗೆ ಹುಚ್ಚು ಎಂದು ನಮ್ಮ ಬೀದಿಯಲ್ಲಿ ಯಾರೂ ಅನ್ನುತ್ತಿರಲಿಲ್ಲ. ಮರ್ಯಾದೆಯಿಂದ ಅಂತಲ್ಲ. ದಿನಾ ಕಣ್ಣೆದುರಿಗೆ ಓಡಾಡುವುದಕ್ಕೆ ಮತ್ತೆ ಮತ್ತೆ ಹೆಸರಿಡುವ ತಾಪತ್ರಯ ಯಾರಿಗೂ ಬೇಕಿರಲಿಲ್ಲ. ನಿಮ್ಮವ್ವ ಇವತ್ತು ಹೇಗಿದ್ದಾಳೆ ಅಂತ ಕೇಳುತ್ತಿದ್ದರು, ನಿನ್ನೆಯ ಹಾಗೇ ಇದ್ದಾಳೆ ಅಂತ ನಾನು ಹೇಳುತ್ತಿದ್ದೆ. ಹಾಗೆ ಹೇಳಿ ಹೇಳಿ ಎಷ್ಟು ಬೇಸರವಾಗಿತ್ತೆಂದರೆ, ಯಾರಾದರೂ ಎದುರಿಗೆ ಬರುವುದು ಕಂಡರೆ ಕೊಡ ಸೊಂಟಕ್ಕಿಟ್ಟುಕೊಂಡು ಇನ್ನೊಂದು ಓಣಿಗೆ ತಿರುಗಿಬಿಡುತ್ತಿದ್ದೆ.

ಮದ್ದೂರಿನ ಆ ಮನೆಯಲ್ಲಿ ಆಗ ಇದ್ದವರು ನಾವಿಬ್ಬರೇ. ನನಗೆ ಎಳೆಯ ವಯಸ್ಸಿಗೇ ಮದುವೆಯಾಗಿ, ಗಂಡನ ಮುಖ ನೆಟ್ಟಗೆ ನೆನಪಿನಲ್ಲಿ ಉಳಿಯುವ ಮೊದಲೇ ಅವನು ಜ್ವರದಲ್ಲಿ ತೀರಿಕೊಂಡು, ನಾನು ತವರಿಗೆ ವಾಪಸಾಗಿದ್ದೆ. ಅದಾದ ಮೇಲೆ ಅವ್ವ ಕಡೆಯ ಸಲ ಹೆತ್ತಳು. ಗಂಡುಮಗು, ಹೆಸರಿಡುವ ತನಕವೂ ಉಳಿಯಲಿಲ್ಲ. ಅದರ ಹಿಂದೆಯೇ ಅವ್ವನಿಗೆ ಬಾಣಂತಿ ಸನ್ನಿ ಹಿಡಿಯಿತು. ಸನ್ನಿ ಹಿಡಿದವರು ಎಷ್ಟೋ ಜನ ಒಂದೆರಡು ತಿಂಗಳಲ್ಲಿ ಸರಿಹೋಗುತ್ತಾರೆ, ಅವ್ವ ಹೋಗಲಿಲ್ಲ. ಅಪ್ಪ ಬೇವಿನ ಸೊಪ್ಪಿನಲ್ಲಿ ಹೊಡೆಸಿದ, ತಾಯತ ಕಟ್ಟಿಸಿದ, ಕೊನೆಗೆ ರೈಲು ಹತ್ತಿಸಿ ದೂರದ ದೊಡ್ಡಾಸ್ಪತ್ರೆಗೂ ಕರೆದುಕೊಂಡು ಹೋದ. ಅಲ್ಲಿ ಬಿಟ್ಟುಬರಲು ಮನಸ್ಸಾಗದೆ ಬಂದ ದಾರಿಯಲ್ಲೇ ವಾಪಸು ಕರೆತಂದು, ಇಲ್ಲೇ ಇರಲಿ ಬಿಡು ಅಂದ. ಅಂದವನು ಯುದ್ಧ ಶುರುವಾಗುವ ಮೊದಲೇ ತೀರಿಹೋದ. ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ನಾನು ಮುತ್ತುಗದ ಎಲೆ ಕಟ್ಟಿ ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ಹಾಕುತ್ತಿದ್ದೆ. ಕೈ ಎಲೆಯ ಮೇಲೆ, ಕಿವಿ ಬಾಗಿಲ ಕಡೆ. ಅವ್ವ ಹೊಡೆಯುವವಳಲ್ಲ, ಬಯ್ಯುವವಳೂ ಅಲ್ಲ. ಏನೋ ಗೊಣಗಿಕೊಂಡು ನಡುಮನೆಯ ಕಂಬ ಸುತ್ತುತ್ತಿದ್ದಳು, ಕೊಟ್ಟರೆ ಉಣ್ಣುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ. ನಿದ್ದೆಯೆನ್ನುವುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ನಾನು ನನ್ನ ಸೆರಗಿನ ತುದಿಯನ್ನು ಅವಳ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದೆ. ಅವಳು ಎದ್ದರೆ ನಾನೂ ಏಳಬೇಕು. ಇವಳು ಬೇಗ ಹೋಗಿಬಿಡಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ. ಹೆತ್ತ ತಾಯಿಯ ಬಗ್ಗೆ ಹಾಗೆ ಅನ್ನಿಸುತ್ತದೆಯೇ ಎಂದು ಹುಬ್ಬೇರಿಸುವವರು ಒಂದು ವಾರ ನಮ್ಮ ಮನೆಯಲ್ಲಿ ಇದ್ದು ನೋಡಬೇಕಿತ್ತು.

ಎಲ್ಲಾದರೂ ಮಗು ಅತ್ತರೆ ಮಾತ್ರ ಅವಳನ್ನು ಹಿಡಿಯಲಾಗುತ್ತಿರಲಿಲ್ಲ. ಯಾರ ಮನೆಯಾದರೂ ಸರಿ, ನೇರ ಒಳಗೆ ಹೋಗಿ ತೊಟ್ಟಿಲ ಮುಂದೆ ನಿಂತುಬಿಡುತ್ತಿದ್ದಳು. ಪಾತ್ರೆಗೆ ಕಲಾಯಿ ಹಾಕುವ ಸಾಬರ ಮನೆ ನಮ್ಮ ಸಾಲಿನ ಕೊನೆಗಿತ್ತು. ಒಂದು ಮಧ್ಯಾಹ್ನ ಅವರ ಕೂಸು ತೊಟ್ಟಿಲಲ್ಲಿ ಇರಲಿಲ್ಲ. ಬೀದಿಯೆಲ್ಲ ಹುಡುಕಿ ಕೊನೆಗೆ ಹೊಳೆಯ ದಂಡೆಯಲ್ಲಿ ಕಂಡೆವು. ಅವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬೊಗಸೆಯಲ್ಲಿ ನೀರು ಎರೆಯುತ್ತಿದ್ದಳು. ಕೂಸು ಕೇಕೆ ಹಾಕಿ ನಗುತ್ತಿತ್ತು. ಅದರ ತಾಯಿ ಮಾತ್ರ ಎತ್ತಿಕೊಳ್ಳಲೂ ಆಗದೆ ಮರಳಿನ ಮೇಲೆ ಕುಸಿದು ಕುಳಿತಳು. ಆಮೇಲೆ ಬಹಳ ಕಾಲ ಆಕೆ ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ. ನಾನಾಗಿದ್ದರೂ ನೋಡುತ್ತಿರಲಿಲ್ಲ.

ಇಂಥ ಮನೆಗೆ ನನ್ನ ತಂಗಿ ಚೊಚ್ಚಲ ಬಾಣಂತನಕ್ಕೆ ಬರಬೇಕಾಗಿತ್ತು. ಅವಳನ್ನು ಮಳವಳ್ಳಿಗೆ ಕೊಟ್ಟಿದ್ದೆವು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ತಾಯಿ ಎರೆದು ಕಾಯಿಸಿ ಮಗುವಿನ ಜೊತೆ ಕಳಿಸಬೇಕು, ಇದು ಎಲ್ಲರ ಮನೆಯ ಪದ್ಧತಿ. ಅವಳ ಮಾವ ನೋಡಿ ಮಾತಾಡಿ ಹೋಗಲು ಬಂದರು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ, ಅವರ ಬಿಳಿ ಪಂಚೆಯೆಲ್ಲ ಮಸಿಯಾಗಿತ್ತು. ಉಂಡು ಕೈತೊಳೆದು, ಕಂಬ ಸುತ್ತುತ್ತಿದ್ದ ಅವ್ವನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, 'ನಾವ್ ಕೆಟ್ಟೋರಲ್ಲ ಕಣಮ್ಮ. ಬಾಣಂತಿನೂ ಕೂಸ್ನೂ ಈ ಮನೇಲಿ ಮಡಗ್ಬುಟ್ಟು ನಾವ್ ಅಲ್ಲಿ ಎಂಗ್ ಉಣ್ಣನ?' ಅಂದರು. ಏನಾದರೂ ಏರ್ಪಾಡು ಮಾಡುತ್ತೇನೆ, ಸ್ವಲ್ಪ ತಡೆಯಿರಿ ಎಂದು ಬೇಡಿಕೊಂಡೆ.

ನನಗೆ ಆ ಬಾಣಂತನ ಬೇಕೇ ಬೇಕಿತ್ತು. ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ತವರು ಇದ್ದೂ ಇಲ್ಲದವಳು ಎಂದು ಗಂಡನ ಮನೆಯಲ್ಲಿ ಅವಳು ಅನ್ನಿಸಿಕೊಳ್ಳಬಾರದು ಎಂಬುದೊಂದು. ಇನ್ನೊಂದು, ಹೇಳಲು ಸ್ವಲ್ಪ ನಾಚಿಕೆ, ಮನೆಯಲ್ಲಿ ಮಾತಿಗೆ ಮಾತು ಕೊಡುವ ಇನ್ನೊಂದು ಜೀವ ಕೆಲವು ತಿಂಗಳಾದರೂ ಇರುತ್ತದಲ್ಲ ಎಂಬ ಆಸೆ.

ಪಕ್ಕದ ಎಮ್ಮೆ ಮನೆಯ ದೊಡ್ಡವ್ವ ಜಗಲಿಯಲ್ಲಿ ಅವರೆಕಾಳು ಸುಲಿಯುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಬೀದಿಯಲ್ಲಿ ಎಲ್ಲರ ವಿಷಯಕ್ಕೂ ಮೂಗು ತೂರಿಸುವುದು ಆಕೆಯ ಹಕ್ಕು ಎಂದು ಆಕೆ ತಿಳಿದಿದ್ದಳು. ಮಾರನೆಯ ಬೆಳಿಗ್ಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. 'ನಿಮ್ಮವ್ವುನ್ನ ಕಾಯೋದ್ನ ಮುಯ್ಯಿಗೆ ಆಕ್ಕೊ. ನೀನ್ ನಮ್ ಗದ್ದೆಗ್ ಬಾ, ನಾವ್ ಅವಳ್ನ ನೋಡ್ಕತೀವಿ' ಅಂದಳು.

ನಾಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು. ಕೂಲಿಯಿಲ್ಲ, ಆಳಿಗೆ ಆಳು. ಅದೇ ಮುಯ್ಯಿ. ಹುಚ್ಚು ಹಿಡಿದವಳನ್ನು ಕಾಯುವುದನ್ನು ಪೈರು ನೆಡುವುದಕ್ಕೆ ಸಮ ಮಾಡಿ ನೋಡುವುದು ನನಗಂತೂ ಹೊಳೆದಿರಲಿಲ್ಲ. ಪಾಪ, ಅಯ್ಯೋ ಎಂಬ ಮಾತು ಆಕೆಯ ಬಾಯಲ್ಲಿ ಬರಲಿಲ್ಲ. ಬಂದಿದ್ದರೆ ಬೇಡ ಅನ್ನುತ್ತಿದ್ದೆನೇನೋ. ನಾನು ಈಗ ಗದ್ದೆಗೆ ಹೋಗುವುದು, ಆ ಹೊತ್ತಿನಲ್ಲಿ ಅವ್ವನನ್ನು ಯಾರಾದರೂ ನೋಡಿಕೊಂಡಿರುವುದು, ತಂಗಿ ಹೆತ್ತ ದಿನದಿಂದ ಅವರು ಅವಳನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ ಸರದಿಯ ಮೇಲೆ ಹಗಲೂ ರಾತ್ರಿ ಇಟ್ಟುಕೊಳ್ಳುವುದು, ಹೀಗೆ ಮಾತಾಯಿತು.

ಬಾವಿಕಟ್ಟೆಯಲ್ಲಿ ಇದಕ್ಕೆ ದೊಡ್ಡ ಜಗಳವೇ ನಡೆಯಿತು. ತೊಟ್ಟಿಲು ಕಟ್ಟಿದ್ದ ಮನೆಯವರು ನಮಗಾಗದು ಅಂದರು, ಅದು ನ್ಯಾಯ. ಕೆಲವರು ಆಗಲಿ ಅಂದು ಆಮೇಲೆ ತಲೆ ಕೆರೆದುಕೊಂಡರು. ಕೊನೆಗೆ ಉಳಿದವರು ಬೆರಳೆಣಿಕೆಯಷ್ಟು. ಯಾರೂ ಕೇಳದೆ ತಾನಾಗಿ ಬಂದವಳು ಕಲಾಯಿ ಮನೆಯಾಕೆ. ತನ್ನ ಕೂಸು ಈಗ ಓಡಾಡುವ ಹುಡುಗನಾಗಿದ್ದಾನೆ, ಮನೆಯಲ್ಲಿ ಅಳುವ ಮಕ್ಕಳಿಲ್ಲ, ನಿಮ್ಮವ್ವ ಹೋಗುವುದು ಅಳುವ ಮಗುವಿನ ಹತ್ತಿರ ಮಾತ್ರ ಎಂದು ತನಗಿಂತ ಚೆನ್ನಾಗಿ ಗೊತ್ತಿರುವವರು ಯಾರು, ಎಂದು ಕೇಳಿದಳು. ಆ ಮನೆಯಲ್ಲಿ ಅವ್ವ ಉಣ್ಣಬಹುದೋ ಬಾರದೋ ಎಂದು ಯಾರೋ ಮಾತೆತ್ತಿದರು. ಊಟ ನಮ್ಮ ಮನೆಯಿಂದಲೇ ಮುಚ್ಚಿದ ಪಾತ್ರೆಯಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಕೆಲವು ದಿನ ಪಾತ್ರೆ ಹಾಗೆ ಹೋಯಿತು, ಆಮೇಲೆ ಯಾರೂ ವಿಚಾರಿಸಲಿಲ್ಲ.

ನಾನು ಕೆರೆ ಬಯಲಿನ ಗದ್ದೆಗಿಳಿದೆ. ಎಲೆ ಕಟ್ಟಿದ ಕೈ ಅದು, ಕೆಸರಿಗೆ ಒಗ್ಗಲಿಲ್ಲ. ನಾನು ನೆಟ್ಟ ಸಾಲು ಕುಡಿದವನ ನಡಿಗೆಯ ಹಾಗಿರುತ್ತಿತ್ತು. ಹೆಂಗಸರು ನಕ್ಕು ನಕ್ಕು, ಬಯ್ದು, ಹಿಂದಿನಿಂದ ಕಿತ್ತು ಮತ್ತೆ ನೆಡುತ್ತಿದ್ದರು. ಸಂಜೆ ಸೊಂಟ ನೆಟ್ಟಗೆ ಮಾಡಲಾಗುತ್ತಿರಲಿಲ್ಲ. ನಾನು ಗದ್ದೆಯಲ್ಲಿದ್ದಾಗ ಅವ್ವ ಎಮ್ಮೆ ಮನೆಯಲ್ಲಿ ಎಮ್ಮೆಯ ಮೈ ಸವರಿಕೊಂಡು ನಿಂತಿರುತ್ತಿದ್ದಳು, ಕಲಾಯಿ ಮನೆಯಲ್ಲಿ ತಿದಿ ಒತ್ತುತ್ತ ಬೆಂಕಿ ನೋಡುತ್ತಿದ್ದಳು. ಅದರಿಂದ ಗುಣವಾಯಿತು ಅಂತೇನೂ ಅಲ್ಲ. ಒಂದು ದಿನ ದೊಡ್ಡವ್ವನ ಹುಣಸೆಹಣ್ಣಿನ ಗಡಿಗೆಯನ್ನೇ ಬೀದಿಗೆ ಸುರಿದು ಬಂದಳು. ದೊಡ್ಡವ್ವ ಅವಳಿಗೂ ನನಗೂ ಬಾಯಿಗೆ ಬಂದಂತೆ ಬಯ್ದಳು, ಮರುದಿನ ಬೆಳಿಗ್ಗೆ ಮತ್ತೆ ಬಂದು ಕರೆದುಕೊಂಡು ಹೋದಳು.

ಏರ್ಪಾಡು ಆಯಿತು ಎಂದು ಧೈರ್ಯ ಬಂದು, ಒಳಕೋಣೆಗೆ ಸುಣ್ಣ ಹೊಡೆದೆ. ಬೆಳ್ಳುಳ್ಳಿ, ಮೆಣಸು, ಓಮ, ಹರಳೆಣ್ಣೆ ಹೊಂದಿಸಿದೆ. ಯುದ್ಧದ ದಿನಗಳಲ್ಲಿ ಒಂದು ಸಿಕ್ಕಿದರೆ ಒಂದಿಲ್ಲ. ನೀರೊಲೆಯ ಪಕ್ಕ ಸೌದೆ ಒಟ್ಟಿದೆ. ದೊಡ್ಡವ್ವ ತುಪ್ಪ ಕಾಯಿಸಿ ಎತ್ತಿಟ್ಟಳು. ಆಮೇಲೆ ಮಳವಳ್ಳಿಗೆ ಹೊರಟೆ. ಅವ್ವನನ್ನು ಬಿಟ್ಟು ಊರು ದಾಟಿದ್ದು ಎಷ್ಟೋ ಕಾಲದ ಮೇಲೆ. ಬಸ್ಸಿನಲ್ಲಿ ಕುಳಿತು, ಏನೋ ಮರೆತು ಬಂದಿದ್ದೇನೆ ಎಂದು ದಾರಿಯುದ್ದಕ್ಕೂ ಮಡಿಲು ತಡವಿಕೊಳ್ಳುತ್ತಿದ್ದೆ.

ತಂಗಿಯ ಅತ್ತೆ ಮಾವ ಎಲ್ಲವನ್ನೂ ಕೇಳಿದರು. ಯಾವ ದಿನ ಯಾರ ಮನೆ, ಬಾಗಿಲು ಯಾರು ಕಾಯುತ್ತಾರೆ, ಒಂದೊಂದನ್ನೂ ಕೇಳಿದರು. ಕೊನೆಗೆ ಮಾವ, ಇಷ್ಟು ಮಾಡಿದ್ದೀಯ, ಕರೆದುಕೊಂಡು ಹೋಗಮ್ಮ ಎಂದು ಒಪ್ಪಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷವನ್ನೇ ಹೊತ್ತುಕೊಂಡು ಹಿತ್ತಲಿಗೆ ಹೋದೆ. ತಂಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಒಳಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

'ನಾ ಬರಕಿಲ್ಲ ಕಣಕ್ಕ' ಅಂದಳು.

ಅವ್ವನ ಭಯವೇ, ಅದಕ್ಕೆಲ್ಲ ದಾರಿ ಮಾಡಿದ್ದೇನಲ್ಲ ಅಂದೆ.

'ಅವ್ವ ಕೂಸ್ನ ಎತ್ಕೊಂಡೋಯ್ತಾಳೆ ಅಂತಲ್ಲ. ಅವ್ವುಂಗೆ ಅಂಗಾಗಿದ್ದು ಆ ಕೋಣೇಲೆ ಅಲ್ವಾ? ನಂಗೂ ಅಂಗೇ ಆಗ್ಬುಟ್ರೆ?'

ಮೊದಲು ಸಿಟ್ಟು ಬಂತು. ನಾನು ಕೆಸರು ತುಳಿದದ್ದು, ನಾಲ್ಕು ಮನೆಯ ಬಾಗಿಲಲ್ಲಿ ಮಾತು ಕೇಳಿದ್ದು, ಎಲ್ಲ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳು ತನ್ನ ಹೊಟ್ಟೆಯನ್ನು ಎರಡು ಕೈಯಲ್ಲೂ ಅವುಚಿಕೊಂಡು ಕುಳಿತಿದ್ದುದು ಕಂಡಿತು. ಅವ್ವನಿಗೆ ಸನ್ನಿ ಹಿಡಿದಾಗ ಇವಳು ಚಿಕ್ಕವಳು, ಆ ಕೋಣೆಯ ಹೊಸ್ತಿಲಲ್ಲೇ ನಿಂತು ಎಲ್ಲ ನೋಡಿದ್ದಳು. ಆ ಕೋಣೆಯ ಬಗ್ಗೆ ನನಗಿರುವಷ್ಟೇ ಭಯ ಅವಳಿಗೂ ಇತ್ತು, ಅವಳು ಬಾಯಿಬಿಟ್ಟು ಹೇಳಿದಳು. ಆಯಿತು ಬಿಡು, ಇಲ್ಲೇ ಇರು ಅಂದು, ತಲೆ ಸವರಿ ಹೊರಟೆ.

ವಾಪಸು ಬರುವಾಗ ಏರಿನಲ್ಲಿ ಬಸ್ಸು ಹತ್ತಲಾರದೆ ಎಲ್ಲರನ್ನೂ ಇಳಿಸಿದರು. ಗಂಡಸರು ನೂಕುತ್ತಿದ್ದರು, ಹೆಂಗಸರು ಹಿಂದೆ ನಡೆಯುತ್ತಿದ್ದೆವು. ನಾನು ಎಲ್ಲರಿಗಿಂತ ಹಿಂದೆ ಉಳಿದು ಚೆನ್ನಾಗಿ ಅತ್ತೆ. ಕಣ್ಣು ಕೆಂಪಾದದ್ದಕ್ಕೆ ಇದ್ದಿಲ ಹೊಗೆ ಅಂತ ಹೇಳಬಹುದಿತ್ತು. ಊರಿಗೆ ಬಂದು ದೊಡ್ಡವ್ವನಿಗೆ ತಿಳಿಸಿದೆ. ಆಕೆ 'ಊಂ' ಅಂದು ಎಮ್ಮೆಯ ಹಾಲು ಕರೆಯಲು ಹೋದಳು. ನಾನು ಅವ್ವನನ್ನು ಮನೆಗೆ ಕರೆದುಕೊಂಡು ಬಂದು ಬಾಗಿಲು ಹಾಕಿಕೊಂಡೆ. ಸುಣ್ಣ ಹೊಡೆದ ಕೋಣೆಯ ಕಡೆ ನೋಡಲಿಲ್ಲ.

ಕೆಲವು ವಾರಗಳಾದ ಮೇಲೆ ಮಳವಳ್ಳಿ ಕಡೆಯಿಂದ ಸಂತೆಗೆ ಬಂದವರು ಸುದ್ದಿ ತಂದರು. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ, ತಂಗಿ ನಗುನಗುತ್ತ ಮಾತಾಡುತ್ತಿದ್ದಾಳೆ. ಬೀದಿಯವರಿಗೆಲ್ಲ ಸಕ್ಕರೆಯ ಬದಲು ಬೆಲ್ಲ ಹಂಚಿದೆ. ಅವ್ವನ ಬಾಯಿಗೂ ಒಂದು ಚೂರು ಇಟ್ಟೆ. ಯಾಕೆಂದು ಹೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಲಾಯಿ ಮನೆಯಾಕೆ ಬಾಗಿಲಿಗೆ ಬಂದಳು. ಇವತ್ತು ತನ್ನ ಸರದಿ, ಅವ್ವನನ್ನು ಕರೆದುಕೊಂಡು ಹೋಗುತ್ತೇನೆ ಅಂದಳು. ಹೆರಿಗೆಯಾದದ್ದು ಮಳವಳ್ಳಿಯಲ್ಲಿ, ಈ ಮನೆಯಲ್ಲಿ ಬಾಣಂತಿ ಇಲ್ಲವಲ್ಲ ತಾಯಿ ಅಂದೆ. ಆಕೆ ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಅವ್ವನ ಕೈ ಹಿಡಿದು ಹೊರಟೇಬಿಟ್ಟಳು. ಹಿತ್ತಲಲ್ಲಿ ಸದ್ದಾಯಿತು. ಹೋಗಿ ನೋಡಿದರೆ ದೊಡ್ಡವ್ವ ನೀರೊಲೆಗೆ ಸೌದೆ ತುಂಬಿ ಊದುತ್ತಿದ್ದಳು.

'ಕಣ್ತುಂಬ ಮನೀಕೊಂಡು ಎಸ್ಟ್ ವರ್ಸ ಆಯ್ತಮ್ಮಿ ನೀನು?' ಅಂದಳು, ತಿರುಗಿ ನೋಡದೆ. 'ಈ ಸೌದೆ ಮಡಗಿರೋದು ಪೂಜೆ ಮಾಡಕಾ? ಸೀರೆ ಬಿಚ್ಚು, ಎಣ್ಣೆ ಅಚ್ತೀನಿ.'

ನಾನು ಹೊತ್ತವಳಲ್ಲ, ಹೆತ್ತವಳಲ್ಲ, ಗಂಡನಿಲ್ಲದವಳು, ಜನ ನಗುತ್ತಾರೆ ಅಂದೆ. ನಗಲಿ ಬಿಡು ಅಂದಳು. ಈ ಮುಯ್ಯಿಯನ್ನು ಎಲ್ಲಿ ತೀರಿಸಲಿ ಅಂದೆ. ನೀನು ವಕ್ರವಕ್ರವಾಗಿ ನೆಟ್ಟು ಆಗಲೇ ತೀರಿಸಿದ್ದೀಯ, ಬಾಯಿ ಮುಚ್ಚಿಕೊಂಡು ಕೂತುಕೋ ಎಂದು ಗದರಿದಳು.

ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿದಳು. ಹಂಡೆಯ ಸುಡುನೀರಿನ ಮೊದಲ ಚೊಂಬು ಬೆನ್ನಿಗೆ ಬಿದ್ದಾಗಲೇ ಅಳು ಬಂತು. ಯಾಕೆ ಅಳುತ್ತೀಯ ಅಂತ ಆಕೆ ಕೇಳಲಿಲ್ಲ, ನೀರು ಹಾಕುವುದನ್ನು ನಿಲ್ಲಿಸಲೂ ಇಲ್ಲ. ಮೈ ಒರೆಸಿ, ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿ, ಕೆಂಡಕ್ಕೆ ಓಮ ಹಾಕಿ ಹೊಗೆ ಕೊಟ್ಟಳು. ಬಿಸಿ ಅನ್ನಕ್ಕೆ ಮೆಣಸಿನ ಸಾರು, ಮೇಲೆ ತುಪ್ಪ. ಉಂಡವಳನ್ನು ಒಳಕೋಣೆಯ ಮಂಚದ ಮೇಲೆ ಮಲಗಿಸಿ, ಕೆಂಡವನ್ನು ಮಂಚದ ಕೆಳಗಿಟ್ಟು, ಕಂಬಳಿ ಹೊದಿಸಿ ಹೋದಳು. ಆ ನಿದ್ದೆಯನ್ನು ಹೇಗೆ ಹೇಳಲಿ. ಕಲ್ಲು ಬಾವಿಗೆ ಬಿದ್ದ ಹಾಗೆ ಬಿದ್ದೆ.

ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲು. ಹೊಸ್ತಿಲ ಮೇಲೆ ಅವ್ವ ನಿಂತಿದ್ದಳು. ಹಿಂದೆ ಕಲಾಯಿ ಮನೆಯಾಕೆ. ಮನೆಗೆ ಹೋಗಬೇಕೆಂದು ಹಟ ಹಿಡಿದಳು, ಒಂದು ಸಲ ತೋರಿಸಿ ಕರೆದುಕೊಂಡು ಹೋಗೋಣ ಅಂತ ಬಂದೆ ಎಂದು ಆಕೆ ಮೆಲ್ಲಗೆ ಹೇಳಿದಳು. ಅವ್ವ ನನ್ನ ತಲೆಗೆ ಕಟ್ಟಿದ ಬಟ್ಟೆಯನ್ನು ನೋಡಿದಳು, ಮಂಚದ ಕೆಳಗಿನ ಕೆಂಡವನ್ನು ನೋಡಿದಳು. ಅವಳ ಮಗು ಹೋದದ್ದು ಇದೇ ಕೋಣೆಯಲ್ಲಿ. ಈಗ ಮಗುವೆಲ್ಲಿ ಎಂದು ಕೇಳುತ್ತಾಳೆ, ಎಲ್ಲ ಮೊದಲಿನಿಂದ ಶುರುವಾಗುತ್ತದೆ ಎಂದುಕೊಂಡು ಗಡಬಡಿಸಿ ಏಳಲು ಹೋದೆ.

'ಏಳ್ಬ್ಯಾಡ' ಅಂದಳು ಅವ್ವ. 'ಬಾಣಂತಿ ಏಳ್ಬಾರ್ದು. ಮನೀಕೊ.'

ಒಳಗೆ ಬಂದು, ಜಾರಿದ್ದ ಕಂಬಳಿಯನ್ನು ನನ್ನ ಕಾಲಿನ ಕೆಳಗೆ ಸೇರಿಸಿ ಮಡಚಿದಳು. ಆಮೇಲೆ ಕಲಾಯಿ ಮನೆಯಾಕೆಯ ಕೈಯನ್ನು ತಾನೇ ಹಿಡಿದುಕೊಂಡು ಹೊರಗೆ ನಡೆದಳು. ಅವ್ವ ಹೇಳಿದಳೆಂದು ಒಂದು ಕೆಲಸ ಮಾಡಿ ನನಗೆ ಎಷ್ಟೋ ವರ್ಷಗಳಾಗಿದ್ದವು. ಮಲಗಿದೆ.