ಬಿಶಾನ್ ಅಜ್ಜಿಯ ‘ಬೇಡ’

ಎರಡು ವರ್ಷದ ಓದನ್ನು ಒಂದೇ ವರ್ಷದಲ್ಲಿ ಮುಗಿಸಿಕೊಡುವ ಸ್ನಾತಕೋತ್ತರ ಪದವಿಯೊಂದಿದೆ ಎಂದು ನನಗೆ ಗೊತ್ತಾದಾಗ ವಯಸ್ಸು ನಲವತ್ತು ದಾಟಿತ್ತು. ವಿಷಯ ಸಮಾಜಕಾರ್ಯ. ಅಲ್ಲಿಯವರೆಗೆ ಸಿಂಗಾಪುರದ ಉಬಿ ಎಂಬಲ್ಲಿನ ಒಂದು ಕಾರ್ಖಾನೆಯಲ್ಲಿ ಸ್ಪ್ರಿಂಗುಗಳನ್ನು ಒತ್ತಿ, ಎಳೆದು, ಅವುಗಳ ಯೋಗ್ಯತೆಯ ಬಗ್ಗೆ ತೀರ್ಪು ಕೊಡುವ ಹುದ್ದೆಯಲ್ಲಿ ಗಂಭೀರವಾಗಿ ಕೂತಿದ್ದೆ. ಸಿಂಗಾಪುರಕ್ಕೆ ಆಗ ಶುಕ್ರದೆಸೆ. ತಲೆ ಎತ್ತಿದಲ್ಲೆಲ್ಲ ಕ್ರೇನು. ತಮ್ಮ ಹಳೆ ಅಪಾರ್ಟ್‌ಮೆಂಟನ್ನು ಕೆಡವಿ ಕಟ್ಟುವ ಬಿಲ್ಡರಿಗೆ ಸಹಿ ಹಾಕಿಕೊಟ್ಟೇ ಜನ ಸಾಹುಕಾರರಾಗುತ್ತಿದ್ದರು. ನಮ್ಮ ಕನ್ನಡ ಬಳಗದ ಗಂಡಸರು ಒಬ್ಬೊಬ್ಬರಾಗಿ ಎಂಬಿಎ ಮಾಡಿ ಬ್ಯಾಂಕುಗಳಿಗೆ ಶಿಫ್ಟ್ ಆಗುತ್ತಿದ್ದರು. ಇಂಥ ಶುಭಮುಹೂರ್ತದಲ್ಲಿ ನಾನು ಕೆಲಸ ಬಿಟ್ಟು, ಪರರ ಕಷ್ಟ ಕೇಳುವ ವಿದ್ಯೆಗೆ ಸೇರಿದೆ.

ಹೆಂಡತಿಗೆ ಬ್ಯೂನಾ ವಿಸ್ಟಾದ ಲ್ಯಾಬಿನಲ್ಲಿ ಕೆಲಸ. ಮನೆ ನಡೆಯುವುದು ಇನ್ನು ಆಕೆಯ ಸಂಬಳದಲ್ಲೇ. ಆದ್ದರಿಂದ ಅನುಮತಿ ಕೇಳುವ ವಿಧಿಯೂ ನಡೆಯಿತು.

“ಮಂದಿ ಕಷ್ಟ ಕೇಳಾಕ ಫೀ ಕಟ್ಟತೀರಿ,” ಅಂದಳು. “ನನ್ನ ಕಷ್ಟ ಮನ್ಯಾಗ ಫುಕಟ್ ಕೇಳಬಹುದಿತ್ತಲ್ಲ.”

ಇದನ್ನೇ ಅನುಮತಿ ಎಂದು ಭಾವಿಸಿದೆ.

ಕ್ಲಾಸಿನಲ್ಲಿ ಎಲ್ಲವೂ ಓಟ. ಬಾಲ್ಯ ಒಂದು ವಾರ, ವೃದ್ಧಾಪ್ಯ ಒಂದು ವಾರ, ಸಾವಿಗೆ ಅರ್ಧ ದಿನ. ಅಷ್ಟು ಅವಸರದಲ್ಲೂ ಒಂದು ಸೂತ್ರವನ್ನು ಮಾತ್ರ ನಿಧಾನವಾಗಿ, ಮತ್ತೆ ಮತ್ತೆ ಹೇಳಿದರು: ನೆರವಿಗೆ ಬಂದವರ ನಿರ್ಧಾರ ಅವರದೇ. ಒತ್ತಾಯ ಸಲ್ಲದು. ಬೇಡ ಅಂದರೆ ಬೇಡ.

ನಾನು ಗದಗಿನವನು. ನಮ್ಮಲ್ಲಿ ‘ಬ್ಯಾಡ್ರಿ’ ಅನ್ನುವುದು ಉತ್ತರವಲ್ಲ, ಮಾತುಕತೆಯ ಆರಂಭ. ಉಣ್ಣಲು ಕೂತವರು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಹೊಟ್ಟೆ ಬಿರಿಯುತ್ತದೆ ಎಂದು ಗೋಗರೆದರೂ ನಮ್ಮವ್ವ ಬೆರಳ ಸಂದಿಯಿಂದಲೇ ತುಪ್ಪ ಬಿಡುತ್ತಿದ್ದಳು. ಮೊದಲ ‘ಬ್ಯಾಡ’ವನ್ನೇ ನಂಬಿ ಹೋಳಿಗೆ ಬುಟ್ಟಿ ವಾಪಸ್ ಒಯ್ದ ಸೊಸೆಯೊಬ್ಬಳ ಬಗ್ಗೆ ಓಣಿಯಲ್ಲಿ ವರ್ಷಗಟ್ಟಲೆ ಮಾತು ನಡೆದಿತ್ತು. ಹಾಗಾಗಿ ನಾನು ಕೈ ಎತ್ತಿ, “ಎಷ್ಟನೆಯ ಬೇಡ?” ಎಂದು ಕೇಳಿದೆ. ಅರ್ಧ ವಯಸ್ಸಿನ ಸಹಪಾಠಿಗಳು ನಕ್ಕರು. ಪ್ರೊಫೆಸರರೂ ಜೋಕ್ ಅಂದುಕೊಂಡು ಮುಂದೆ ಹೋದರು. ನನ್ನ ಪ್ರಶ್ನೆ ನನ್ನಲ್ಲೇ ಉಳಿಯಿತು.

ಅದನ್ನಿಟ್ಟುಕೊಂಡೇ ಬಿಶಾನ್ ಬಡಾವಣೆಯ ಒಂದು ಕುಟುಂಬ ಸೇವಾ ಕೇಂದ್ರಕ್ಕೆ ತರಬೇತಿಗೆ ಹೋದೆ. ಅಲ್ಲಿನ ನನ್ನ ಮೇಲ್ವಿಚಾರಕಿ ಮೂವತ್ತರೊಳಗಿನ ಚೀನೀ ಹುಡುಗಿ. ನನ್ನನ್ನು ಅಂಕಲ್ ಅನ್ನಬೇಕೋ ಸ್ಟೂಡೆಂಟ್ ಅನ್ನಬೇಕೋ ತಿಳಿಯದೆ ಏನೂ ಅನ್ನುತ್ತಿರಲಿಲ್ಲ. ಆಕೆ ಒಪ್ಪಿಸಿದ ಮೊದಲ ಕೇಸು, ಎಪ್ಪತ್ತು ದಾಟಿದ ಚೀನೀ ಅಜ್ಜಿ. ಮದುವೆಯಾಗದೆ, ಹಾಕರ್ ಸೆಂಟರಿನಲ್ಲಿ ನೂಡಲ್ಸ್ ಮಾರಿ ಬದುಕಿದವರು. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲ್ ಕಂಬಿ ಹಾಕಿಸಿದರೆ ಮತ್ತೆ ಬೀಳುವುದಿಲ್ಲ. ಇನ್ನೊಮ್ಮೆ ಬಿದ್ದರೆ ಸೊಂಟವೇ ಮುರಿಯಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಕಂಬಿ ಪುಕ್ಕಟೆ. ಅಜ್ಜಿ ಹೂಂ ಅನ್ನಬೇಕು, ಅಷ್ಟೆ.

“ನೋ ನೀಡ್ ಲಾ,” ಅಂದರು ಅಜ್ಜಿ.

ನಮ್ಮಿಬ್ಬರ ಇಂಗ್ಲಿಷನ್ನು ಸೇರಿಸಿದರೆ ಒಂದು ಪೂರ್ತಿ ಇಂಗ್ಲಿಷ್ ಆಗುತ್ತಿತ್ತು. ಅದರಲ್ಲೇ ಕಾರಣ ಕೇಳಿದೆ. ಅವರು ಟಿವಿ ನೋಡಿದರು.

ಕೇಂದ್ರಕ್ಕೆ ಬಂದು ವರದಿ ಒಪ್ಪಿಸಿದೆ. “ಇನ್ನೊಮ್ಮೆ ಹೋಗಿ,” ಅಂದಳು ಮೇಲ್ವಿಚಾರಕಿ. “ಆಮೇಲೂ ಬೇಡ ಅಂದರೆ ಕೇಸ್ ಕ್ಲೋಸ್.”

“ಮತ್ತೆ ಕೇಳಿದರೆ ಒತ್ತಾಯ ಆಗುವುದಿಲ್ಲವೆ?”

“ಒಪ್ಪಿಸೋಕೆ ಕೇಳಿದರೆ ಒತ್ತಾಯ. ತಿಳ್ಕೊಳ್ಳೋಕೆ ಕೇಳಿದರೆ ಅಲ್ಲ.”

ಕೋರ್ಸಿನುದ್ದಕ್ಕೂ ಕೇಳಿದ್ದರಲ್ಲಿ ಇದೊಂದು ಮಾತು ನನಗೆ ಫೀ ಕಟ್ಟಿದ್ದಕ್ಕೆ ಸಾರ್ಥಕ ಅನ್ನಿಸಿತು.

ಎರಡನೆಯ ಭೇಟಿಯಲ್ಲಿ ಅಜ್ಜಿ ನಮ್ಮ ಬೋರ್ನ್‌ವಿಟಾದಂಥ ಮೈಲೋ ಮಾಡಲು ಎದ್ದರು. ನೆರವು ಪಡೆಯುವವರಿಂದ ಏನೂ ತೆಗೆದುಕೊಳ್ಳಬಾರದೆಂಬ ನಿಯಮ ನೆನೆದು ಬೇಡವೆಂದೆ. ಅವರು ಒಲೆ ಹಚ್ಚಿದರು. ಈಗಷ್ಟೇ ಕುಡಿದೆನೆಂದೆ. ಡಬ್ಬಿ ತೆರೆದರು. ಸಕ್ಕರೆ ಕಾಯಿಲೆಯ ನೆಪ ತೆಗೆದೆ. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಮಗ್ಗನ್ನು ಒತ್ತಿ ಹಿಡಿದು ತಂದು ಮುಂದಿಟ್ಟು, “ಡ್ರಿಂಕ್,” ಅಂದರು. ಕುಡಿದೆ. ಕುಡಿಯುತ್ತಾ ಒಂದು ಕುತೂಹಲ ಹುಟ್ಟಿತು. ಬೇರೆಯವರ ‘ಬೇಡ’ವನ್ನು ಚೂರೂ ನಂಬದ ಈ ಹೆಂಗಸು, ತನ್ನ ‘ಬೇಡ’ವನ್ನು ನಾವು ಪೂರ್ತಿ ನಂಬಲಿ ಅಂತ ಹೇಳಿದ್ದಾರೆಯೆ? ಕೇಳಿದೆ. ಕಂಬಿ ಯಾಕೆ ಬೇಡವೆಂಬುದಕ್ಕೆ ಉತ್ತರ ಮಾತ್ರ ಅದೇ, “ನೋ ನೀಡ್ ಲಾ.”

ಅವತ್ತು ಸಂಜೆ ಅಡುಗೆಮನೆಯಲ್ಲಿ, ಗೋಪ್ಯತೆಯ ನಿಯಮಕ್ಕೆ ಬದ್ಧನಾಗಿ, ಹೆಂಡತಿಗೆ ಹೇಳಿದೆ: “ಒಂದೂರಾಗ ಒಂದು ಗ್ವಾಡಿ ಐತಿ ಅಂತ ತಿಳಕೊ. ಅದಕ್ಕ ಡ್ರಿಲ್ ಹೊಡಿಯಾಕ ಅಲ್ಲಿಯವರು ಒಲ್ಲೆ ಅಂತಾರ.”

“ಬಿಶಾನ್ ಅಜ್ಜಿ ಏನು?”

ನಾನು ಗೋಪ್ಯತೆಯನ್ನು ಕಾಪಾಡುತ್ತಾ ಈರುಳ್ಳಿ ಹೆಚ್ಚತೊಡಗಿದೆ.

“ಕೆಳಗ ನೋಡ್ರಿ ಒಂಚೂರು,” ಅಂದಳು. ಕಿಟಕಿಯಿಂದ ಬಗ್ಗಿದೆ. ಕಟ್ಟಡದ ತಳದ ವಾಯ್ಡ್ ಡೆಕ್ ಎಂಬ ತೆರೆದ ಜಾಗದ ಪಕ್ಕದ ಹುಲ್ಲಿನ ಮೇಲೆ ನಮ್ಮ ಬ್ಲಾಕಿನ ಚೀನೀ ಕುಟುಂಬವೊಂದು ತಗಡಿನ ಡ್ರಮ್ಮಿನಲ್ಲಿ ತೀರಿಹೋದ ಹಿರಿಯರ ಹೆಸರಲ್ಲಿ ಕಾಗದದ ನಕಲಿ ನೋಟು ಸುಡುತ್ತಿತ್ತು. “ಅವರ ಏಳನೇ ತಿಂಗಳ ನಡದೈತಿ. ಸತ್ತವರೆಲ್ಲಾ ತಿರುಗಾಡಾಕ ಬಂದಿರತಾರ. ಈ ತಿಂಗಳದಾಗ ಯಾರರ ಮನಿ ರಿಪೇರಿ ಮಾಡಸ್ತಾರೇನು? ಆಷಾಢದಾಗ ನಿಮ್ಮವ್ವ ಗ್ವಾಡಿಗೆ ಒಂದು ಮೊಳಿ ಹೊಡಿಯಾಕ ಬಿಟ್ಟಿದ್ಲೇನು?”

ಕೇಸ್ ಕ್ಲೋಸ್ ಎಂದು ವರದಿ ಒಪ್ಪಿಸುವ ಮುಂಚೆ, ಮಾರನೆಯ ದಿನವೇ ಮತ್ತೆ ಅಜ್ಜಿಯ ಮನೆಗೆ ಹೋದೆ. “ಆಂಟಿ, ಏಳನೇ ತಿಂಗಳು ಅಂತಾನಾ?”

ಅಜ್ಜಿ ಟಿವಿಯ ಸದ್ದು ಕಡಿಮೆ ಮಾಡಿದರು. “ಯೂ ಇಂಡಿಯನ್. ಹೌ ಯೂ ನೋ?”

“ನಮ್ಮಲ್ಲೂ ಅಂಥದೊಂದು ತಿಂಗಳಿದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ.”

“ಸತ್ತವರು ಬರ್ತಾರಾ?”

“ಇಲ್ಲ. ಹೊಸ ಸೊಸೆ ತವರಿಗೆ ಹೋಗ್ತಾಳೆ.”

“ಅಷ್ಟೇನಾ,” ಅಂದರು, ನಮ್ಮ ತಿಂಗಳ ಬಗ್ಗೆ ನಿರಾಸೆಯಾದವರಂತೆ.

“ಮೊದಲೇ ಯಾಕೆ ಹೇಳಲಿಲ್ಲ?”

“ಆಸ್ಪತ್ರೆ ಹುಡುಗಿಗೆ ಹೇಳಿದೆ. ನಕ್ಕಳು. ಬೇಡ ಅಂದರೆ ಯಾರೂ ನಗಲ್ಲ.”

“ತಿಂಗಳು ಮುಗಿಯೋದರೊಳಗೆ ಮತ್ತೆ ಬಿದ್ದರೆ?”

ಅವರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಮೌನವನ್ನು ಸಹಿಸುವುದು ನಮ್ಮ ಪಠ್ಯದಲ್ಲೇ ಇತ್ತು, ಅದಕ್ಕೆ ಅರ್ಧ ಗಂಟೆ ಕೊಟ್ಟಿದ್ದರು. ಕೊನೆಗೆ ಅಜ್ಜಿಯೇ ಅಂದರು, “ರಬ್ಬರ್ ಮ್ಯಾಟ್ ಇದ್ದರೆ ತಗೊಂಡು ಬಾ. ಅದಕ್ಕೆ ಡ್ರಿಲ್ ಬೇಡವಲ್ಲ.”

ಮ್ಯಾಟ್ ಹಾಸಿದ್ದಾಯಿತು. ಆದರೆ ನನ್ನ ತರಬೇತಿ ಮುಗಿಯುವುದು ಅವರ ತಿಂಗಳು ಮುಗಿಯುವ ಮುಂಚೆ. ಮೇಲ್ವಿಚಾರಕಿ ಎಲ್ಲವನ್ನೂ ಕೇಳಿ, ನಗದೆ, ಪೆನ್ನು ಕೆಳಗಿಟ್ಟಳು. “ಕೇಸ್ ಓಪನ್ ಇರಲಿ. ಆದರೆ ಮುಂದಿನ ಸ್ಟೂಡೆಂಟಿಗೆ ಆಕೆ ಮತ್ತೆ ಬೇಡ ಅಂತಾಳೆ.”

“ಹಾಗಾದರೆ ನಾನೇ ಇರುತ್ತೇನೆ.”

“ಆ ವಾರಗಳಲ್ಲಿ ನಿಮಗೆ ಕ್ಲಾಸಿದೆ. ತಪ್ಪಿದರೆ ಆ ಪೇಪರನ್ನ ಮುಂದಿನ ಟರ್ಮಿನಲ್ಲೇ ಮಾಡಬೇಕು.”

ಹೀಗೆ, ಓಡುವ ಪದವಿಯನ್ನು ನಡೆದುಕೊಂಡು ಮುಗಿಸಿದ ಕೀರ್ತಿ ನನ್ನದಾಯಿತು. ಇನ್ನೊಂದು ಟರ್ಮ್ ತನ್ನ ಸಂಬಳದಲ್ಲೇ ಮನೆ ನಡೆಯಬೇಕೆಂದು ತಿಳಿದ ಹೆಂಡತಿ, “ಸ್ಪ್ರಿಂಗೇ ಬರೋಬ್ಬರಿ ಇದ್ವು ನಿಮಗ,” ಅಂದು ರೊಟ್ಟಿ ಬಡಿಯಲು ಹೋದಳು.

ಹುಣ್ಣಿಮೆ ಕಳೆದು ಅಮಾವಾಸ್ಯೆಯೂ ಆಯಿತು. ಮರುದಿನ ಬೆಳಿಗ್ಗೆ ಅಜ್ಜಿಯೇ ಕೇಂದ್ರಕ್ಕೆ ಫೋನ್ ಮಾಡಿದರು. “ಫಿನಿಶ್ ಆಲ್ರೆಡಿ. ಕಮ್.”

ಡ್ರಿಲ್ಲಿನವರು ಬಂದು ಕಂಬಿ ಕೂರಿಸಿ, ಧೂಳು ಗುಡಿಸಿ ಹೋದರು. ಅಜ್ಜಿ ಅದನ್ನು ದೂರದಿಂದಲೇ ನೋಡಿ, ಮುಟ್ಟದೆ, ಒದ್ದೆ ಟವೆಲ್ಲೊಂದನ್ನು ತಂದು ಅದರ ಮೇಲೆ ಹರವಿದರು.

“ಟವೆಲ್ ಒಣಗಿಸೋಕೆ ಚೆನ್ನಾಗಿದೆ,” ಅಂದರು.

“ಹೌದು ಆಂಟಿ.”

ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ ತಿರುಗಿ ನೋಡಿದೆ. ನಾನು ಕುಡಿದಿಟ್ಟ ಮೈಲೋ ಮಗ್ಗು ತೊಳೆಯಲು ಬಚ್ಚಲ ಹೊಸ್ತಿಲು ದಾಟುತ್ತಿದ್ದ ಅಜ್ಜಿ, ವಾಸಿಯಾದ ಕೈಯಿಂದ ಟವೆಲ್ಲನ್ನು, ಅದರೊಳಗಿನ ಕಂಬಿಯ ಸಮೇತ, ಗಟ್ಟಿಯಾಗಿ ಹಿಡಿದುಕೊಂಡಿದ್ದರು.