ಬಂಡೆಯ ಮೇಲಿನ ಗಿಡಕ್ಕೆ ಇಟ್ಟ ಹೆಸರು

ಎಲೆಯನ್ನು ಕಚ್ಚಿ ನೋಡದೆ ಸೊಪ್ಪಿನಕ್ಕ ಯಾವ ಗಿಡದ ಹೆಸರನ್ನೂ ಹೇಳುತ್ತಿರಲಿಲ್ಲ. ಮುಂಬಲ್ಲಿನಲ್ಲಿ ತುದಿ ಕತ್ತರಿಸಿ, ಕಣ್ಣು ಮುಚ್ಚಿ ಅಗಿದು, ಪಕ್ಕಕ್ಕೆ ಉಗಿದ ಮೇಲೆಯೇ ಮಾತು. ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸೂರಿನ ಕಡೆಯ ತಳಿ ಎಂಬ ಊರಿನ ಸುತ್ತಿನ ಬಂಡೆಗುಡ್ಡಗಳಿಗೆ ಗಿಡ ಸಂಗ್ರಹಿಸಲು ಬರುತ್ತಿದ್ದ ನನಗೂ ನನ್ನ ಪ್ರಾಧ್ಯಾಪಕರಿಗೂ ದಾರಿ ತೋರಿಸುತ್ತಿದ್ದವಳು ಅವಳು. ಬೆರಕೆ ಸೊಪ್ಪು ಕಿತ್ತು ಮಾರುವುದು ಅವಳ ಕಸುಬು. 'ಅರವತ್ತರ ಮುದುಕಿ' ಎಂದು ನನ್ನ ದಿನಚರಿಯಲ್ಲಿದೆ. ನಂಬುವ ಹಾಗಿಲ್ಲ, ಆಗ ನನಗೆ ಇಪ್ಪತ್ಮೂರು, ನಲವತ್ತು ದಾಟಿದವರೆಲ್ಲ ಮುದುಕರಾಗಿಯೇ ಕಾಣುತ್ತಿದ್ದರು.

ಒತ್ತಿ ಒಣಗಿಸಬೇಕಾದ ಗಿಡಗಳನ್ನೇ ಕಚ್ಚಿಬಿಡುತ್ತಾಳೆಂದು ಪ್ರಾಧ್ಯಾಪಕರು ಒಮ್ಮೆ ರೇಗಿದರು. ಅವಳು ನನ್ನ ಕಡೆ ತಿರುಗಿ, "ನಿಮ್ ವಾತ್ಯಾರು ಕನ್ನಡಕ ಹಾಕ್ಕೊಂಡ್ ನೋಡ್ತಾರೆ, ನಾನು ನಾಲಗೇಲಿ ನೋಡ್ತೀನಿ. ನಾನೇನ್ ಅವರ ಕನ್ನಡಕ ಕಿತ್ಕೊಂಡ್ನಾ?" ಅಂದಳು. ಪ್ರಾಧ್ಯಾಪಕರು ಮತ್ತೆಂದೂ ಆ ಮಾತೆತ್ತಲಿಲ್ಲ.

ಒಂದು ಮಳೆಗಾಲ, ಬಂಡೆಯ ಗುಂಡಿಯಲ್ಲಿ ನೀಲಿ ಹೂ ಬಿಟ್ಟಿದ್ದ ಬೆರಳುದ್ದದ ಗಿಡವೊಂದನ್ನು ಅವಳೇ ತೋರಿಸಿದಳು. ಕಚ್ಚಿದಳು, ಉಗಿದಳು. "ಇದ್ಕೆ ಹೆಸ್ರಿಲ್ಲ ಕಣವ್ವ."

"ಯಾಕೆ?"

"ತಿನ್ನಕ್ಕಾಗಲ್ಲ, ದನಾನೂ ಮೂಸಲ್ಲ. ಇಂಥದ್ಕೆ ಯಾರು ಹೆಸ್ರಿಡ್ತಾರೆ?"

ಪ್ರಾಧ್ಯಾಪಕರು ಇಟ್ಟರು. ಅದು ಹೊಸ ಗಿಡವೆಂದು ಖಚಿತವಾದಾಗ, ಕಂಡವಳ ಹೆಸರನ್ನೇ ಇಡೋಣವೆಂದು ನನ್ನನ್ನು ಕಳಿಸಿದರು. ರಾಗಿ ಹೊಲದ ಬದುವಿನಲ್ಲಿದ್ದ ಅವಳಿಗೆ ವಿಷಯ ಹೇಳಿದೆ.

"ಆಮ್ಯಾಕೆ ಅಳಿಸಾಕ್ತಾರಾ?"

"ಇಲ್ಲಕ್ಕ. ಒಂದ್ಸಲ ಅಚ್ಚಾದ್ರೆ ಯಾರೂ ತೆಗೆಯೋ ಹಾಗಿಲ್ಲ."

"ನಾವೆಲ್ಲ ಸತ್ಮೇಲೂ?"

"ಆಮೇಲೂ."

ಮಡಿಲಿನ ಸೊಪ್ಪನ್ನು ಬದುವಿನ ಮೇಲೆ ಸುರಿದು ಕೈ ಒರೆಸಿಕೊಂಡಳು. "ಮುನಿಯಮ್ಮ ಅಂತ ಬರ್ಕೊ" ಅಂದಳು. ಬರೆದೆ. "ಓದು." ಓದಿದೆ. "ಇನ್ನೊಂದ್ಸಲ ಓದವ್ವ." ಓದಿದೆ. ತನ್ನ ಹೆಸರು ಕೇಳಿ ಹಿಗ್ಗುತ್ತಿದ್ದಾಳೆ ಎಂದುಕೊಂಡು ನಕ್ಕೆ. ಬೇರೆಲ್ಲ ಮಸುಕಾಗಿದ್ದರೂ ಆ ನಗು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅದೇ ನಮ್ಮ ಕೊನೆಯ ಭೇಟಿ.

ಗಿಡದ ಬಗೆಗಿನ ಲೇಖನ ಆ ಹೆಸರಿನೊಂದಿಗೇ ಅಚ್ಚಾಯಿತು. ನಾನು ಹೊಸೂರಿಗೆ ಪಾಠ ಹೇಳಲು ಬಂದೆ. ಅವಳ ಊರು ಬಸ್ಸಿಗೆ ಒಂದು ಗಂಟೆಯ ದಾರಿ. ಹೋಗಲು ನನಗೆ ಆರು ವರ್ಷ ಬೇಕಾಯಿತು. ಅದೂ, ಗಿಡಗಳ ಹೆಸರಿನಲ್ಲಿರುವ ಮನುಷ್ಯರ ಪಟ್ಟಿ ಮಾಡುತ್ತಿದ್ದವರೊಬ್ಬರು 'ಈ ಮುನಿಯಮ್ಮ ಯಾರು?' ಎಂದು ಕಾಗದ ಬರೆದು ಕೇಳಿದ್ದರಿಂದ. ಉತ್ತರಕ್ಕೆ ಕುಳಿತರೆ ಎರಡು ಸಾಲಿಗಾಗುವಷ್ಟೂ ನನಗೆ ಗೊತ್ತಿರಲಿಲ್ಲ.

ಅವಳ ಮನೆಗೆ ಬೀಗ ಹಾಕಿತ್ತು. ಪಕ್ಕದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸು, "ಸೊಪ್ಪಿನಕ್ಕನಾ? ಹೋದ್ ವರ್ಸವೇ ತೀರ್ಕೊಂಡ್ಲು" ಅಂದಳು. ಲೇಖನ ಬಿಚ್ಚಿ, "ಇಲ್ಲಿ ನೋಡಿ, ಮುನಿಯಮ್ಮ ಅಂತ..." ಎಂದೆ.

"ಮೆಲ್ಲಕ್ ಅನ್ನವ್ವ, ಅವ್ಳಿಗೆ ಕೇಳಿಸ್ತದೆ!" ಎಂದು ಆ ಮನೆಯ ಕಡೆ ತಿರುಗಿದವಳು ಬೀಗ ನೋಡಿ ನಾಲಗೆ ಕಚ್ಚಿಕೊಂಡಳು.

ಮುನಿಯಮ್ಮ ಸೊಪ್ಪಿನಕ್ಕನ ಮಗಳು. ಐದು ವರ್ಷದವಳು, ಜ್ವರ ಬಂದು ಹೋದಳು. "ಅಲ್ಲೀಗಂಟ ಅವ್ಳನ್ನ ಮುನಿಯಮ್ಮನವ್ವ ಅಂತ್ಲೇ ಕರೀತಿದ್ದೋ. ಮಗು ಹೋದ್ಮೇಲೆ ಆ ಹೆಸ್ರು ಕೇಳಿದ್ರೆ ಸಂಕ್ಟ ಆಯ್ತದೆ ಅಂತ ಊರೇ ಬುಟ್ಬುಡ್ತು. ಸೊಪ್ಪಿನಕ್ಕ ಅನ್ನಕ್ಕೆ ಸುರು ಮಾಡಿದ್ವಿ."

ಊರೆಲ್ಲ ಕರುಣೆಯಿಂದ ನುಂಗಿಕೊಂಡಿದ್ದ ಹೆಸರನ್ನು ಅವಳು ನನ್ನ ಬಾಯಿಂದ ಎರಡು ಸಲ ಕೇಳಿಸಿಕೊಂಡಿದ್ದಳು.

"ಹಾಗಾದ್ರೆ ಅಕ್ಕನ ಹೆಸ್ರು?"

ಅವರೆಕಾಯಿ ಪಕ್ಕಕ್ಕಿಟ್ಟು ಒಳಗಿದ್ದ ಅತ್ತೆಯನ್ನು ಕೂಗಿ ಕೇಳಿದಳು. ಅವರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದು ಹಳೆಯ ದಿನಚರಿ ತೆಗೆದೆ. 'ಹೆಸರು ಕೇಳಿದೆ, ಹೇಳಿದಳು' ಎಂದಷ್ಟೇ ಇದೆ. ನಿಮ್ಮ ಹೆಸರೇನು ಎಂದಿದ್ದೆನೋ, ಏನು ಹೆಸರು ಬರೆಯಲಿ ಎಂದಿದ್ದೆನೋ? ಎರಡನೆಯದಾಗಿದ್ದರೆ ಅವಳು ನಿಜವನ್ನೇ ಹೇಳಿದಳು. ಹಾಗಾದರೆ ಮೊದಲನೆಯದನ್ನು ನಾನು ಕೇಳಲೇ ಇಲ್ಲ.

ಕಾಗದಕ್ಕೆ ಉತ್ತರಿಸಿದೆ: 'ಮುನಿಯಮ್ಮ ಐದು ವರ್ಷ ಬದುಕಿದ್ದ ಮಗು. ಗಿಡವನ್ನು ಕಂಡವಳು ಅವಳ ತಾಯಿ.' ತಾಯಿಯ ಹೆಸರನ್ನೂ ಕಳಿಸಿ ಎಂದು ಅವರು ಮತ್ತೆ ಬರೆದರು. ಎಷ್ಟೋ ದಿನ ಆ ಕಾಗದ ಮೇಜಿನ ಮೇಲೆಯೇ ಇತ್ತು. ಕೊನೆಗೊಂದು ಕಾರ್ಡು ತೆಗೆದುಕೊಂಡು 'ಮುನಿಯಮ್ಮನವ್ವ' ಎಂದು ಬರೆದು ಅಂಚೆಗೆ ಹಾಕಿದೆ.